ಫ್ರಾನ್ಸಿನ ಹಳ್ಳಿಯಲ್ಲಿ ಒಂದು ಹಳೆಯ ಮನೆ

ನಮ್ಮ ಮಗನು ಫ್ರಾನ್ಸಿನಲ್ಲಿ ಮನೆ ಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದಾಗ ನಮಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂದಿತು. ಅವನು ಕಳಿಸಿದ ಫೋಟೋದಲ್ಲಿ ಹಂಚು ಸರಿದ ಮಾಡು, ಗೋಡೆಯ ತುಂಬ ಹಬ್ಬಿದ ಬಳ್ಳಿ, ಗಾಜಿಲ್ಲದ ಕಿಟಕಿಗಳು ಕಾಣುತ್ತಿದ್ದವು. “ಇನ್ನೂರು ವರ್ಷದ ಮನಿ ಅಪ್ಪಾ, ಕಲ್ಲಿಂದು. ನಾವೇ ನಿಂತು ರಿಪೇರಿ ಮಾಡಸ್ತೀವಿ” ಎಂದು ಹೆಮ್ಮೆಯಿಂದ ಹೇಳಿದ. ನಾವು ಏನೂ ಅನ್ನದೆ ಫೋನು ಇಟ್ಟೆವು. ಜತ್ತದಲ್ಲಿ ನಮ್ಮ ಮುತ್ತಜ್ಜನವರು ಕಟ್ಟಿಸಿದ ವಾಡೆ ಎಷ್ಟೋ ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿದೆ. ಅದರ ಮಾಳಿಗೆಯ ಮೇಲೆ ಹುಲ್ಲು ಬೆಳೆದಿದೆ. ಮನೆತನದ ಮನೆಯನ್ನು ತಿರುಗಿ ನೋಡದ ಹುಡುಗ ಪರದೇಶದಲ್ಲಿ ಯಾರದೋ ಬಿದ್ದ ಮನೆಯನ್ನು ಎತ್ತಿ ನಿಲ್ಲಿಸಲು ಹೊರಟಿದ್ದಾನಲ್ಲ ಎಂದು ಮನಸ್ಸಿಗೆ ಬಹಳ ನೋವಾಯಿತು.

ನಮ್ಮ ಮನೆಯವರು ಮಾತ್ರ, “ನೋಡದ ಮನೀಗೆ ಹೆಸರಿಡಬಾರದು. ಹೋಗಿ ಬರೋಣ ನಡೀರಿ” ಎಂದರು. ಹಾಗೆ 2022ರ ಮೇ ತಿಂಗಳಲ್ಲಿ ಹೊರಟೆವು. ಪ್ರವಾಸಿಗರಿಗೆ ಅಲ್ಲಿ ಆರು ತಿಂಗಳಿಗೆ 90 ದಿನಗಳಿಗಿಂತ ಹೆಚ್ಚು ಇರಲು ವೀಸಾ ಸಿಗುವುದಿಲ್ಲ. 2024ರಲ್ಲಿ ಮತ್ತೊಮ್ಮೆ ಹೋಗಿ ಬಂದೆವು. ಈ ಎರಡು ಸಲದ ವಾಸದಲ್ಲಿ ಕಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ನಾವು ಬೇದಾಣೆ ಮತ್ತು ಜೋಳದ ಅಡತಿ ಅಂಗಡಿ ನಡೆಸಿದವರು. ಕೀರ್ದಿ ಬರೆದ ಕೈಯಿಂದ ಲೇಖನ ಬರೆಯುತ್ತಿದ್ದೇವೆ. ತಪ್ಪಿದ್ದರೆ ಮನ್ನಿಸಬೇಕು.

ಲೋಟ್ ಜಿಲ್ಲೆ, ಸೆಲೆ ನದಿ

ಫ್ರಾನ್ಸಿನ ದಕ್ಷಿಣದಲ್ಲಿ ತುಲೂಸ್ ಎಂಬ ದೊಡ್ಡ ನಗರವಿದೆ. ಅಲ್ಲಿಂದ ಕಾರಿನಲ್ಲಿ ಎರಡು ತಾಸಿಗಿಂತ ಸ್ವಲ್ಪ ಹೆಚ್ಚು ಉತ್ತರಕ್ಕೆ ಹೋದರೆ ಫಿಜಾಕ್ ಎಂಬ ಪಟ್ಟಣ ಸಿಗುತ್ತದೆ. ಜಿಲ್ಲೆಯ ಹೆಸರು ಲೋಟ್. ಈ ಹೆಸರು ಕೇಳಿ ನಮ್ಮ ಮನೆಯವರು ನಕ್ಕೇ ನಕ್ಕರು. ಪಟ್ಟಣದ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಸೆಲೆ ಎಂದು ತಿಳಿದಾಗ, “ಇದು ನಮ್ಮ ಕಡೀದೇ ಊರು ಬಿಡ್ರಿ” ಎಂದರು. ಫಿಜಾಕಿನಲ್ಲಿ ಇರುವವರು ಹತ್ತು ಸಾವಿರದಷ್ಟು ಜನ ಮಾತ್ರ. ಆದರೂ ವಿಮಾನದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳಿವೆ. ನಮ್ಮ ಮಗ ಇಂಥದೊಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅವನು ಮನೆ ಕೊಂಡ ಹಳ್ಳಿ ಪಟ್ಟಣದಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ನದಿಯ ಮೇಲಿನ ಎತ್ತರದ ಬಯಲಿನಲ್ಲಿದೆ.

ಆ ಬಯಲಿಗೆ ಕೋಸ್ ಎನ್ನುತ್ತಾರೆ. ನೆಲವೆಲ್ಲ ಸುಣ್ಣಕಲ್ಲು. ಮಣ್ಣು ತೆಳುವು, ನೀರು ಕೆಳಗಿಳಿದು ಹೋಗುತ್ತದೆ. ಕುಳ್ಳ ಓಕ್ ಮರಗಳು, ಗಾರೆಯಿಲ್ಲದೆ ಒಂದರ ಮೇಲೊಂದು ಕಲ್ಲಿಟ್ಟು ಕಟ್ಟಿದ ಬದುಗಳು, ನಡುವೆ ಕುರಿಗಳು. ಈ ಕುರಿಗಳ ಕಣ್ಣಿನ ಸುತ್ತ ಕಪ್ಪು ಬಳೆ ಇದ್ದು ಕನ್ನಡಕ ಹಾಕಿದಂತೆ ಕಾಣುತ್ತವೆ. ಬರದ ಸೀಮೆಯಾದ ನಮ್ಮ ಜತ್ತ ತಾಲೂಕಿನವರಿಗೆ ಕಲ್ಲು ಆರಿಸಿ ಬದು ಹಾಕಿದ ಹೊಲ ಹೊಸದೇನಲ್ಲ. ಫ್ರಾನ್ಸ್ ಎಂದರೆ ಪ್ಯಾರಿಸ್ ಗೋಪುರ, ಅತ್ತರು ಎಂದಷ್ಟೇ ತಿಳಿದಿದ್ದ ನಮಗೆ ಇದೇ ಮೊದಲ ಆಶ್ಚರ್ಯ.

ಮನೆಗಳ ಕಟ್ಟಡವೂ ನೋಡುವಂಥದು. ನೆಲಮಟ್ಟದಲ್ಲಿ ಕಮಾನಿನ ಕೋಣೆ. ಅದು ಹಿಂದೆ ದ್ರಾಕ್ಷಾರಸದ ಪೀಪಾಯಿಗಳಿಗೆ ಮತ್ತು ಕುರಿಗಳಿಗೆ ಇದ್ದದ್ದು. ಜನರ ವಾಸ ಅದರ ಮೇಲೆ. ಹೊರಗಡೆಯಿಂದ ಕಲ್ಲಿನ ಮೆಟ್ಟಿಲು ಹತ್ತಿದರೆ ಬಾಗಿಲ ಮುಂದೆ ಚಿಕ್ಕ ಮಾಡಿನ ಜಗುಲಿ. ಇದಕ್ಕೆ ಬೊಲೆ ಎಂದು ಹೆಸರು. ಒಳಗೆ ಆಳೆತ್ತರದ ಒಲೆ. ಅದರ ಎರಡೂ ಬದಿಗೆ ಕುಳಿತುಕೊಳ್ಳುವಷ್ಟು ಜಾಗ. ಅದಕ್ಕೆ ಕಾಂತು ಎನ್ನುತ್ತಾರೆ. ಪಕ್ಕದ ಗೂಡಿನಲ್ಲಿ ಒಂದೇ ಕಲ್ಲಿನಲ್ಲಿ ಕೆತ್ತಿದ ಬಚ್ಚಲು. ಮೇಲೆ ಅಟ್ಟ, ಒಂದು ಮೂಲೆಯಲ್ಲಿ ಪಾರಿವಾಳಗಳ ಗೋಪುರ. ಹಿಂದಿನ ಕಾಲದಲ್ಲಿ ಪಾರಿವಾಳದ ಹಿಕ್ಕೆಯೇ ಹೊಲಕ್ಕೆ ಉತ್ತಮ ಗೊಬ್ಬರ. ಗೋಡೆಯ ದಪ್ಪ ಎರಡು ಅಡಿಗೂ ಮೇಲೆ.

ಮನೆಗಳಿಗೆ ಬೀಗ ಏಕೆ ಬಿತ್ತು?

ಇಷ್ಟು ಗಟ್ಟಿ ಮನೆಗಳನ್ನು ಬಿಟ್ಟು ಜನ ಎಲ್ಲಿಗೆ ಹೋದರು ಎಂದು ಕೇಳಿದೆವು. 19ನೆಯ ಶತಮಾನದ ನಡುವೆ ಲೋಟ್ ಜಿಲ್ಲೆಯಲ್ಲಿ ಮೂರು ಲಕ್ಷದ ಹತ್ತಿರ ಜನರಿದ್ದರು. ಇಂದು ಒಂದೂಮುಕ್ಕಾಲು ಲಕ್ಷದ ಆಸುಪಾಸು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ದ್ರಾಕ್ಷಿ ಬೇರಿಗೆ ತಗುಲಿ, 1870ರ ನಂತರ ಇಲ್ಲಿನ ತೋಟಗಳನ್ನೆಲ್ಲ ಒಣಗಿಸಿತು. ದ್ರಾಕ್ಷಿ ಹೋದ ಮೇಲೆ ಊಟ ಹೋಯಿತು. ಜನ ಪ್ಯಾರಿಸ್ಸಿಗೆ, ದಕ್ಷಿಣ ಅಮೆರಿಕಕ್ಕೆ ಹೋದರು. ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರಿಗೆ ರೋಗ ಬಿದ್ದ ತೋಟದ ದುಃಖ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ 1914ರಿಂದ 1918ರ ಯುದ್ಧ. ಫ್ರಾನ್ಸಿನ ಹೆಚ್ಚುಕಡಿಮೆ ಪ್ರತಿಯೊಂದು ಊರಿನ ನಡುವೆಯೂ ಆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿದೆ. ನಮ್ಮ ಮಗನ ಹಳ್ಳಿಯ ಕಲ್ಲಿನ ಮೇಲೆ ಒಂದೇ ಅಡ್ಡಹೆಸರಿನ ಮೂವರು ಇದ್ದಾರೆ. ಅಣ್ಣತಮ್ಮಂದಿರಂತೆ.

ಮೂರನೆಯ ಕಾರಣ ಕೇಳಿ ನಾವು ಸುಮ್ಮನಾದೆವು. ಅದು ವಾಟಣಿ. ನೆಪೋಲಿಯನ್ ಕಾಲದ 1804ರ ಕಾಯಿದೆಯಿಂದ ಗಂಡು ಹೆಣ್ಣು ಎನ್ನದೆ ಮಕ್ಕಳಿಗೆಲ್ಲ ಆಸ್ತಿಯಲ್ಲಿ ಪಾಲುಂಟು. ತಂದೆ ತಾಯಿ ತೀರಿದ ಮೇಲೆ ಮನೆ ಎಲ್ಲರ ಹೆಸರಿಗೆ ಒಟ್ಟಾಗಿ ಬರುತ್ತದೆ. ಒಬ್ಬರು ಮಾರೋಣ ಎನ್ನುತ್ತಾರೆ, ಒಬ್ಬರು ಬೇಡ ಎನ್ನುತ್ತಾರೆ. ದುಡ್ಡು ಹಾಕುವವರು ಯಾರೂ ಇಲ್ಲ. ಹಂಚು ಸರಿಯುತ್ತದೆ, ಮಳೆ ಒಳಗೆ ಬರುತ್ತದೆ. ಪಾಲು ಒಡೆಯಿರಿ ಎಂದು ಯಾವ ಪಾಲುದಾರನೂ ಕೋರ್ಟಿಗೆ ಹೋಗಬಹುದು. ಆದರೆ ಒಡಹುಟ್ಟಿದವರ ಮೇಲೆ ಕೋರ್ಟಿಗೆ ಹೋಗುವವರು ಯಾರು? ನಮ್ಮ ಮಗ ಕೊಂಡ ಮನೆಗೆ ಏಳು ಜನ ವಾರಸುದಾರರು. ಇಪ್ಪತ್ತೆರಡು ವರ್ಷ ಬೀಗ. ನಮ್ಮ ವಾಡೆಗೆ ಒಂಬತ್ತು ಜನ. ಮಗ ಇದನ್ನು ಹೇಳುವಾಗ ನಮ್ಮ ಮುಖ ನೋಡಲಿಲ್ಲ, ನಾವೂ ಅವನ ಮುಖ ನೋಡಲಿಲ್ಲ.

ಖರೀದಿ ಮತ್ತು ಲೆಕ್ಕ

ವ್ಯಾಪಾರಸ್ಥರಾದ ನಮಗೆ ಅಲ್ಲಿನ ಖರೀದಿಯ ಪದ್ಧತಿ ಹಿಡಿಸಿತು. ಮೊದಲು ನಮ್ಮ ಸಂಚಕಾರ ಪತ್ರದಂಥದೊಂದು ಕರಾರು. ಅದಕ್ಕೆ ಸಹಿ ಹಾಕಿದ ಮೇಲೂ ಕೊಳ್ಳುವವನಿಗೆ ಹತ್ತು ದಿನದ ಅವಕಾಶವಿದೆ. ಅಷ್ಟರೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಹಣ ವಾಪಸು ಬರುತ್ತದೆ. ಮಾರುವವನು ತನ್ನ ಖರ್ಚಿನಲ್ಲಿ ಮನೆಯ ತಪಾಸಣೆ ಮಾಡಿಸಿ ಕೊಡಬೇಕು. ಹಳೆಯ ಬಣ್ಣದಲ್ಲಿ ಸೀಸವಿದೆಯೇ, ಕಲ್ನಾರು ಇದೆಯೇ, ಕರೆಂಟಿನ ತಂತಿ ಹೇಗಿದೆ, ಮನೆ ಬೆಚ್ಚಗಿಡಲು ಎಷ್ಟು ಖರ್ಚು ಬಂದೀತು ಎಂಬುದೆಲ್ಲ ಕಾಗದದ ಮೇಲೆ ಬರಬೇಕು. ಸರ್ಕಾರ ನೇಮಿಸಿದ ನೋಟೇರ್ ಎಂಬ ಅಧಿಕಾರಿ ಎಲ್ಲ ಉತಾರಗಳನ್ನು ನೋಡಿ ಎರಡು ಮೂರು ತಿಂಗಳ ಮೇಲೆ ಖರೀದಿ ಪತ್ರ ಓದಿ ಹೇಳಿ ಸಹಿ ಮಾಡಿಸುತ್ತಾನೆ. ಹಳೆಯ ಮನೆಗೆ ಈ ಖರ್ಚು ಬೆಲೆಯ ಮೇಲೆ ನೂರಕ್ಕೆ ಏಳೆಂಟು. ಅದರಲ್ಲಿ ಹೆಚ್ಚಿನ ಭಾಗ ಸರ್ಕಾರದ ತೆರಿಗೆ.

ಕೊಂಡ ಮೇಲೆ ಕಣ್ಣಿಗೆ ಬೀಳದ ಖರ್ಚುಗಳಿವೆ. ಹಳ್ಳಿಯಲ್ಲಿ ಒಳಚರಂಡಿ ಇಲ್ಲದಿದ್ದರೆ ಪ್ರತಿ ಮನೆಗೂ ಸ್ವಂತ ಗುಂಡಿ. ಅದು ನಿಯಮದಂತೆ ಇರದಿದ್ದರೆ ಕೊಂಡವನು ಒಂದು ವರ್ಷದೊಳಗೆ ಸರಿಪಡಿಸಬೇಕು. ಕಿಟಕಿ ಬಾಗಿಲಿಗಿಂತ ಮೊದಲು ಮಗನ ಹಣ ಹೋದದ್ದು ಆ ಗುಂಡಿಗೆ. ಎರಡು ವರ್ಷಕ್ಕಿಂತ ಹಳೆಯದಾದ ವಾಸದ ಮನೆಯ ದುರಸ್ತಿಗೆ ಮಾರಾಟ ತೆರಿಗೆ ನೂರಕ್ಕೆ 20ರ ಬದಲು 10. ಚಳಿ ತಡೆಯುವ ಕೆಲಸಗಳಿಗೆ ಐದೂವರೆ. ಪ್ರತಿ ಕುಶಲಕರ್ಮಿಯೂ ಕೆಲಸಕ್ಕೆ ಮೊದಲು ಲಿಖಿತ ದರಪಟ್ಟಿ ಕೊಡಬೇಕು. 1978ರ ಒಂದು ಕಾಯಿದೆಯಿಂದ ಮನೆಯ ಮುಖ್ಯ ಕಟ್ಟಡದ ಕೆಲಸಕ್ಕೆ ಹತ್ತು ವರ್ಷದ ಹೊಣೆ ಅವನದೇ. ಅದಕ್ಕೆ ಅವನು ವಿಮೆ ಮಾಡಿಸಿರಲೇಬೇಕು. ಮೊದಲು ಆ ವಿಮೆಯ ಕಾಗದ ಕೇಳಿ, ಆಮೇಲೆ ಮುಂಗಡ ಕೊಡಿ ಎಂದು ಎಲ್ಲರೂ ಹೇಳುತ್ತಾರೆ.

ಹೀಗಿದ್ದೂ ಮೋಸ ಇಲ್ಲವೆಂದಲ್ಲ. ಮೊದಲು ಬಂದ ಒಬ್ಬ ಗುತ್ತಿಗೆದಾರ ನೂರಕ್ಕೆ ಮೂವತ್ತು ಮುಂಗಡ ತೆಗೆದುಕೊಂಡು ನಾಲ್ಕು ತಿಂಗಳು ಮುಖ ತೋರಿಸಲಿಲ್ಲ. ಒಂದು ಚಳಿಗಾಲವನ್ನು ಮಗ ಸೊಸೆ ಕಟ್ಟಿಗೆ ಒಲೆಯ ಮುಂದೆ ಒಂದೇ ಕೋಣೆಯಲ್ಲಿ ಕಳೆದರು. ಇದನ್ನು ಅವರು ಆಗ ನಮಗೆ ಹೇಳಿರಲಿಲ್ಲ.

ಸುಣ್ಣದ ಪಾಠ

ನಾವು ಹೋದಾಗ ಗೋಡೆಯ ಕೆಲಸ ನಡೆದಿತ್ತು. 1970ರ ದಶಕದಲ್ಲಿ ಯಾರೋ ಆ ಕಲ್ಲುಗೋಡೆಗೆ ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಮೇಲೆ ನೋಡಲು ಗಟ್ಟಿ. ಆದರೆ ಗೋಡೆ ಎದೆಯೆತ್ತರದವರೆಗೆ ತೇವ, ಕೋಣೆಯಲ್ಲಿ ಬೂಷ್ಟಿನ ವಾಸನೆ. ಗೌಂಡಿ ಪೋರ್ಚುಗಲ್ ದೇಶದಿಂದ ಬಂದು ನೆಲೆಸಿದವನು. ಫ್ರಾನ್ಸಿನಲ್ಲಿ ಈ ಕೆಲಸಕ್ಕೆ ಅವರೇ ಬಹಳ. ಅವನು ಉಳಿ ಹಿಡಿದು ಸಿಮೆಂಟ್ ಕಿತ್ತು ತೋರಿಸಿದ. ಹಿಂದಿನ ಗಾರೆ ಹಿಟ್ಟಿನಂತೆ ಉದುರಿತು. ಅವನ ಮಾತನ್ನು ಮಗ ತಿಳಿಸಿ ಹೇಳಿದ: “ಹಳೇ ಗ್ವಾಡಿಗೆ ಪಾಯದಾಗ ತಡೆ ಇರೂದಿಲ್ಲ. ನೆಲದ ತ್ಯಾವ ಮ್ಯಾಲೆ ಏರತದ. ಸುಣ್ಣ ಇದ್ರ ಅದು ಆವಿ ಆಗಿ ಹೊರಗ ಹೋಗತದ. ಸಿಮೆಂಟ್ ಹಚ್ಚಿದ್ರ ಬಾಯಿ ಮುಚ್ಚಿದಂಗ.”

ನಮ್ಮ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. 1996ರಲ್ಲಿ ನಮ್ಮ ವಾಡೆಯ ಮುಂದಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದವರು ನಾವೇ. ಸುಣ್ಣದ ಗೋಡೆ ಬಡವರದು, ಸಿಮೆಂಟ್ ಕಂಡರೆ ಪೇಟೆಯಲ್ಲಿ ಪತ್ತು ಎಂಬ ಕಾಲ ಅದು. ಎರಡೇ ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟಾಗ ಗೌಂಡಿಯ ಕೆಲಸ ಕೆಟ್ಟದು ಎಂದು ಅವನ ಐದುನೂರು ರೂಪಾಯಿ ಹಿಡಿದಿಟ್ಟಿದ್ದೆವು. ಆ ಗೌಂಡಿ ಈಗ ಇಲ್ಲ.

ಮರುದಿನದಿಂದ ನಾವೂ ಉಳಿ ಸುತ್ತಿಗೆ ಹಿಡಿದೆವು. ನಮ್ಮ ಮನೆಯವರು ಸೆರಗು ಸಿಕ್ಕಿಸಿ ಉಸುಕು ಸಾಣಿಸಲು ಕುಳಿತರು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು. ಆ ಭಾಗದ ಉಸುಕು ಹಳದಿ ಬಣ್ಣದ್ದು, ಆದ್ದರಿಂದಲೇ ಅಲ್ಲಿನ ಗೋಡೆಗಳಿಗೆಲ್ಲ ಜೇನಿನ ಬಣ್ಣ. ಗಾರೆ ಹಚ್ಚುವ ಮುಂಚೆ ಕಲ್ಲಿಗೆ ನೀರು ಕುಡಿಸಬೇಕು. ಬಿಸಿಲಿದ್ದರೆ ಒದ್ದೆ ಗೋಣಿತಾಟು ಇಳಿಬಿಡಬೇಕು. ಹಿಮ ಬೀಳುವ ತಿಂಗಳುಗಳಲ್ಲಿ ಮುಟ್ಟಬಾರದು. ನಮ್ಮ ಚಿಕ್ಕಂದಿನಲ್ಲಿ ಎತ್ತು ಕಟ್ಟಿದ ಕಲ್ಲುಗಾಲಿಯಿಂದ ಸುಣ್ಣದ ಗಾಣ ತಿರುಗುತ್ತಿತ್ತು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರು. ಅರೆದ ಗಾರೆಯನ್ನು ಹಿರಿಯರು ಉಂಡೆ ಕಟ್ಟಿ ನೋಡುತ್ತಿದ್ದರು. ನಾವು ಹಾಗೆಯೇ ಉಂಡೆ ಕಟ್ಟಿ ಗೌಂಡಿಯ ಮುಂದೆ ಹಿಡಿದೆವು. ಅವನೂ ಒಂದು ಉಂಡೆ ಕಟ್ಟಿ ನಮ್ಮ ಮುಂದೆ ಹಿಡಿದ. ನಮಗೆ ಅವನ ಭಾಷೆ ಬರದು, ಅವನಿಗೆ ನಮ್ಮದು ಬರದು. ಅಂದಿನಿಂದ ಅವನು ಬೆಳಿಗ್ಗೆ ಬಂದು ಮೊದಲು ಕೈಕುಲುಕುತ್ತಿದ್ದುದು ನಮ್ಮದೇ.

ತೊಲೆಯೊಳಗಿನ ಜೀವ

ಎರಡನೆಯ ಕಷ್ಟ ತೊಲೆಗಳದು. ಓಕ್ ಮರದ ತೊಲೆಗಳಲ್ಲಿ ಸೂಜಿ ತೂತುಗಳು, ಕೆಳಗೆ ಹಿಟ್ಟು. ಒಂದು ಕಂಪನಿಯವರು ಬಂದು ಎಲ್ಲ ತೊಲೆಗಳಿಗೂ ತೂತು ಕೊರೆದು ವಿಷ ತುಂಬುವ ದರಪಟ್ಟಿ ಕೊಟ್ಟರು. ಅಂದು ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸೊಸೆ, “ಮನಿ ಬಿದ್ರ ಏನ್ ಮಾಡೂದು ಮಾವಾ?” ಎಂದಳು. ಅವಳ ಮಾತೂ ಸುಳ್ಳಲ್ಲ. ಹುಳ ತಿಂದ ತೊಲೆಯ ಕೆಳಗೆ ನಾಳೆ ಮೊಮ್ಮಗು ಮಲಗಬೇಕು.

ಊರಿನ ಹಿರಿಯ ಬಡಿಗ ಬಂದು ಒಂದೊಂದು ತೊಲೆಯನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಓಕ್ ಮರದ ಹೊರಗಿನ ಬಿಳಿ ಭಾಗವನ್ನು ಹುಳ ತಿನ್ನುತ್ತದೆ, ಒಳಗಿನ ಚೇಗು ಒಣಗಿದ್ದರೆ ಅದಕ್ಕೆ ರುಚಿಸುವುದಿಲ್ಲ. ಎಷ್ಟೋ ತೂತುಗಳು ನೂರು ವರ್ಷ ಹಳೆಯವು, ಒಳಗೆ ಯಾರೂ ಇಲ್ಲ ಎಂದ. ಹುಳಕ್ಕೆ ಬೇಕಾದದ್ದು ತೇವ. ಮಾಡು ಸೋರುವುದು ನಿಂತು ಗೋಡೆ ಒಣಗಿದರೆ ತೊಲೆಯೂ ಒಣಗುತ್ತದೆ. ಬಡಿಗ ಬಾಚಿಯಿಂದ ಹೊರಗಿನ ತಿಂದ ಭಾಗವನ್ನು ಕೆತ್ತಿದ. ಗೋಡೆಯೊಳಗೆ ಕೊಳೆತಿದ್ದ ಒಂದು ತುದಿಗೆ ಹೊಸ ಓಕ್ ತುಂಡು ಜೋಡಿಸಿದ. ವಿಷದ ದರಪಟ್ಟಿ ಹಾಗೆಯೇ ಉಳಿಯಿತು. ಕೆತ್ತಿದ ಚಕ್ಕೆಗಳನ್ನು ಒಲೆಗೆ ಹಾಕಲು ನಮ್ಮ ಮನೆಯವರು ಬಿಡಲಿಲ್ಲ. ಬುಟ್ಟಿಯಲ್ಲಿ ತುಂಬಿ ಹಿತ್ತಲ ಅಕ್ರೋಟ ಮರದ ಬುಡದಲ್ಲಿ ಸುರುವಿ ಬಂದರು. ಬಡಿಗ ಕಾರಣ ಕೇಳಿದ. ಮಗ ತಿಳಿಸಿದ. ಆ ಬಡಿಗ ನಗಲಿಲ್ಲ, ಮರುದಿನ ಉಳಿದ ಚಕ್ಕೆಗಳನ್ನು ತಾನೇ ಅಲ್ಲಿಗೆ ಒಯ್ದ. ಎಲ್ಲ ತೊಲೆಗಳಿಗೂ ಹೀಗೆಯೇ ಸಾಗುತ್ತದೆ ಎಂದು ನಾವು ಹೇಳಲಾರೆವು. ತೊಲೆ ಪೂರ್ತಿ ಪೊಳ್ಳಾಗಿದ್ದರೆ ನಮ್ಮ ನಿರ್ಧಾರ ಕಠಿಣವಾಗುತ್ತಿತ್ತು.

ಇನ್ನೊಂದು ಸಂಗತಿ. ಕೆಳಗಿನ ಕಮಾನಿನ ಕೋಣೆಯಲ್ಲಿ ಗುಬ್ಬಿಯಂಥ ಚಿಕ್ಕ ಹಕ್ಕಿಗಳು ಮಣ್ಣಿನ ಗೂಡು ಕಟ್ಟಿದ್ದವು. ಅವು ಆಫ್ರಿಕದಿಂದ ವಸಂತದಲ್ಲಿ ಬಂದು ಚಳಿಗೆ ಮುಂಚೆ ತಿರುಗಿ ಹೋಗುವ ಕವಲುಬಾಲದ ಹಕ್ಕಿಗಳು. ಅವುಗಳ ಗೂಡು ಕೆಡವುವುದು ಫ್ರಾನ್ಸಿನಲ್ಲಿ ಕಾಯಿದೆಯಿಂದ ನಿಷೇಧ. ಮರಿಗಳು ಹಾರಿ ಹೋಗುವವರೆಗೆ ಆ ಕೋಣೆಯ ಕೆಲಸ ನಿಂತಿತು. ಆ ಕೋಣೆಗೆ ಹೊಸ ಬಾಗಿಲು ಕೂಡಿಸುವಾಗ ಮೇಲೆ ಒಂದು ಗೇಣು ಕಿಂಡಿ ಬಿಟ್ಟರು.

ನಮ್ಮ ಮನೆ, ಊರಿನ ಮುಖ

ಮಗನಿಗೆ ದಕ್ಷಿಣದ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿ ಇಡುವ ಆಸೆ ಇತ್ತು. ಆದರೆ ಮನೆಯ ಹೊರನೋಟ ಬದಲಿಸುವುದಕ್ಕೆ ಊರಿನ ಮೇರಿಗೆ, ಅಂದರೆ ಪಂಚಾಯತಿ ಕಚೇರಿಗೆ, ಮೊದಲು ಅರ್ಜಿ ಕೊಡಬೇಕು. ಫ್ರಾನ್ಸಿನಲ್ಲಿ ಇಂಥ ಊರಾಡಳಿತಗಳು ಸುಮಾರು 35 ಸಾವಿರ. ನೂರು ಜನರ ಹಳ್ಳಿಗೂ ಒಬ್ಬ ಮೇಯರ್ ಇರುತ್ತಾರೆ. 1943ರ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ 500 ಮೀಟರ್ ಒಳಗಿನ ಮನೆಗಳ ಬಗ್ಗೆ ಸರ್ಕಾರದ ವಾಸ್ತುಶಿಲ್ಪಿಯ ಅಭಿಪ್ರಾಯವೂ ಬೇಕು. ಹಳ್ಳಿಯ ಹಳೆಯ ಇಗರ್ಜಿ ಅಂಥ ಸ್ಮಾರಕ. ಕಿಟಕಿ ಚಿಕ್ಕದಾಯಿತು. ಚೌಕಟ್ಟು ಮರದ್ದೇ ಇರಬೇಕು, ಪ್ಲಾಸ್ಟಿಕ್ ಕೂಡದು, ಬಾಗಿಲ ಬಣ್ಣ ಇಂಥ ಕೆಲವರಲ್ಲಿ ಒಂದು ಎಂದು ಉತ್ತರ ಬಂತು.

ಸ್ವಂತ ಹಣದ ಮನೆಗೆ ಸ್ವಂತ ಕಿಟಕಿ ಇಡಲು ಇಷ್ಟೊಂದು ಕಟ್ಟಳೆಯೇ ಎಂದು ನಾವು ಮೇಯರ್ ಬಾಯಿಯವರನ್ನು ಕೇಳಿಯೇ ಬಿಟ್ಟೆವು. ಅವರು ಕುರಿ ಸಾಕುವ ಮನೆಯ ಹೆಣ್ಣುಮಗಳು. “ಒಳಗೆ ನೀವು ಏನು ಬೇಕಾದರೂ ಮಾಡಿ. ಹೊರಗಿನ ಗೋಡೆಯನ್ನು ದಿನಾ ನೋಡುವವರು ನಾವು” ಎಂದರು. ಆಗ ಸಿಟ್ಟು ಬಂದಿತ್ತು. ಊರಿನ ಮೇಲಿನ ದಿಬ್ಬಕ್ಕೆ ಹೋಗಿ ನೋಡಿದಾಗ ಒಂದೇ ಬಣ್ಣದ ಮಾಡುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಆಗ ಅವರ ಮಾತು ಸರಿ ಎನಿಸಿತು. ನಮ್ಮ ಪೇಟೆಯಲ್ಲಿ ಹಳೆಯ ವಾಡೆಗಳ ನಡುವೆ ಗಾಜಿನ ಅಂಗಡಿಗಳನ್ನು ಮೊದಲು ಎಬ್ಬಿಸಿದವರು ನಮ್ಮಂಥ ವ್ಯಾಪಾರಸ್ಥರೇ.

ಹಳ್ಳಿಯ ನಡೆ ನುಡಿ

ಅಂಗಡಿಗೆ ಹೋದರೆ ಮೊದಲು “ಬೊಂಜೂರ್” ಎನ್ನಬೇಕು. ಅದನ್ನು ಬಿಟ್ಟು ನೇರವಾಗಿ ಸಾಮಾನು ಕೇಳಿದರೆ ಮುಖ ಗಂಟಾಗುತ್ತದೆ. ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಮುಚ್ಚಿ ಊಟ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಊಟ ಬಿಡುವುದಿಲ್ಲ. ಊಟದ ತಾಟು ಬಿಟ್ಟೆದ್ದು ಗಿರಾಕಿ ನೋಡಿದ ನಮಗೆ ಇದು ಮೊದಲು ಸೋಮಾರಿತನ ಎನಿಸಿತು. ಆಗಸ್ಟ್ ತಿಂಗಳಲ್ಲಿ ಗೌಂಡಿ, ಬಡಿಗ, ನಳದವ ಎಲ್ಲರೂ ರಜೆ. ಇದನ್ನು ತಿಳಿಯದೆ ಕೆಲಸ ಹಚ್ಚಿಕೊಂಡವನ ಮಾಡು ಆಕಾಶ ನೋಡುತ್ತ ಕೂಡುತ್ತದೆ.

ಶನಿವಾರ ಫಿಜಾಕಿನಲ್ಲಿ ಸಂತೆ. ಹಿಂದೆ ಕಾಳು ಮಾರುತ್ತಿದ್ದ ಚೌಕದಲ್ಲಿ ಈಗ ಕಬ್ಬಿಣದ ಕಂಬದ ಮಂಟಪವಿದೆ. ಹಳೆಯ ಮನೆಗಳ ತುದಿಯಲ್ಲಿ ಗೋಡೆಯಿಲ್ಲದ ಅಂತಸ್ತು, ಹಣ್ಣು ತೊಗಲು ಒಣಗಿಸಲು ಇದ್ದದ್ದು. ಬೇದಾಣೆಯ ರ್‍ಯಾಕು ನೋಡಿದ ನಮಗೆ ಅದರ ಉಪಯೋಗ ಯಾರೂ ಹೇಳಬೇಕಾಗಲಿಲ್ಲ. ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಓದಿ ತೋರಿಸಿದ ಶಾಂಪೋಲಿಯೋಂ 1790ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರು ಹುಟ್ಟಿದ ಮನೆ ಈಗ ಲೋಕದ ಲಿಪಿಗಳ ವಸ್ತುಸಂಗ್ರಹಾಲಯ. ಪಕ್ಕದ ಅಂಗಳದ ತುಂಬ ರೊಸೆಟ್ಟಾ ಶಿಲೆಯ ದೊಡ್ಡ ಪ್ರತಿಯನ್ನು 1991ರಲ್ಲಿ ಕಪ್ಪು ಕಲ್ಲಿನಲ್ಲಿ ಹಾಸಿದ್ದಾರೆ. ಮಕ್ಕಳು ಅಕ್ಷರಗಳ ಮೇಲೆ ಓಡಾಡುತ್ತಾರೆ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿಯವರು ಕಾಯಿಪಲ್ಲೆಯನ್ನೂ ಬಾತುಕೋಳಿಯ ಕೊಬ್ಬಿನಲ್ಲಿ ಬೇಯಿಸುತ್ತಾರೆ. ಚೀಜಿಗೆ ಹೆಪ್ಪು ಹಾಕುವುದು ಕರುವಿನ ಇಲ್ಲವೆ ಮರಿಯ ಹೊಟ್ಟೆಯ ವಸ್ತುವಿನಿಂದ. ಆದ್ದರಿಂದ ಪ್ರಸಿದ್ಧವಾದ ರೊಕಾಮದೂರ್ ಆಡಿನ ಚೀಜು ನಮಗೆ ವರ್ಜ್ಯ. ಬ್ರೆಡ್ಡು, ಬೆಣ್ಣೆ, ಬೇಳೆ, ಹಸಿ ಬಟಾಣಿ, ಚೆರ್ರಿ, ಅಕ್ರೋಟ ಇವುಗಳಲ್ಲಿ ಸುಖವಾಗಿ ಕಳೆದೆವು. ಸೂರ್ಯಾಸ್ತದ ಮುಂಚೆ ಉಣ್ಣುವ ನೇಮಕ್ಕೆ ಮಾತ್ರ ಕುತ್ತು ಬರಲಿಲ್ಲ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. “ಇಲ್ಲಿ ಸೂರ್ಯಪ್ಪ ನಮಗಾಗಿ ಕಾಯತಾನ” ಎಂದು ನಮ್ಮ ಮನೆಯವರು ನಗುತ್ತಿದ್ದರು. ಡಿಸೆಂಬರಿನಲ್ಲಿ ಐದೂಕಾಲಕ್ಕೇ ಕತ್ತಲೆ ಎಂದು ಸೊಸೆ ನೆನಪಿಸಿದಳು.

1989ರಲ್ಲಿ ಪೀಟರ್ ಮೇಲ್ ಎಂಬ ಇಂಗ್ಲಿಷ್ ಲೇಖಕರು ಪ್ರೊವಾನ್ಸ್ ಭಾಗದಲ್ಲಿ ಹಳೆಯ ಮನೆ ಕೊಂಡು ರಿಪೇರಿ ಮಾಡಿಸಿದ ಒಂದು ವರ್ಷದ ಅನುಭವ ಬರೆದರಂತೆ. ಅದನ್ನು ಓದಿ ಎಷ್ಟೋ ಪರದೇಶದವರು ಫ್ರಾನ್ಸಿನ ಹಳ್ಳಿಗಳಿಗೆ ಬಂದರಂತೆ. ಬೇಸಿಗೆಗೆ ಬಂದು ಹೋಗುವ ಮನೆಗಳ ಕಿಟಕಿ ಚಳಿಗಾಲದಲ್ಲಿ ಮುಚ್ಚಿಯೇ ಇರುತ್ತವೆ. ಊರವರು ಮೊದಲು ನಮ್ಮ ಮಗನನ್ನು ಕೇಳಿದ್ದೂ ಅದೇ ಪ್ರಶ್ನೆ: “ಚಳಿಗಾಲದಲ್ಲಿ ಇರುತ್ತೀರಾ?”

ಹೊಸ್ತಿಲ ಮೇಲೆ ನಿಂತ ಅಜ್ಜಿ

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ನಮ್ಮ ಮನೆಯವರು ಅವರನ್ನು ಆಯಿ ಎಂದೇ ಕರೆದರು. ಮೊದಲ ಸಲ ಬಾತುಕೊಬ್ಬಿನ ಪಲ್ಲೆ ತಂದು, ನಾವು ಉಣ್ಣುವುದಿಲ್ಲ ಎಂದಾಗ ಬೇಸರಪಟ್ಟುಕೊಂಡವರು ಮರುದಿನ ಒಂದು ಬುಟ್ಟಿ ಚೆರ್ರಿ ತಂದಿಟ್ಟರು. ಅವರ ಮನೆಮಾತು ಫ್ರೆಂಚ್ ಅಲ್ಲ, ಆಕ್ಸಿತಾನ್. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅದನ್ನು ಆಡಿದರೆ ಶಿಕ್ಷೆ ಇತ್ತಂತೆ. ಈಗ ಅದರಲ್ಲಿ ಮಾತಾಡಲು ಊರಿನಲ್ಲಿ ಇಬ್ಬರೇ ಉಳಿದಿದ್ದಾರೆ ಎಂದರು. ಗಡಿಯಲ್ಲಿ ಕನ್ನಡ ಉಳಿಸಿಕೊಂಡು ಬಂದ ನಮಗೆ ಆ ಮಾತು ತಟ್ಟಿತು.

ಅಜ್ಜಿ ಬೊಲೆಯ ಮೆಟ್ಟಿಲವರೆಗೆ ಬರುತ್ತಿದ್ದರು, ಒಳಗೆ ಮಾತ್ರ ಬರುತ್ತಿರಲಿಲ್ಲ. ನಮ್ಮ ಮೊದಲ ಪ್ರವಾಸದ ಕೊನೆಯಲ್ಲಿ ಕಾರಣ ತಿಳಿಯಿತು. ಏಳು ವಾರಸುದಾರರಲ್ಲಿ ಅವರೂ ಒಬ್ಬರು. ಹುಟ್ಟಿದ್ದು ಅದೇ ಮನೆಯಲ್ಲಿ. ಇಪ್ಪತ್ತೆರಡು ವರ್ಷ ಬೀಗ ಬೀಳಲು ಒಪ್ಪದೆ ನಿಂತವರೂ ಅವರೇ. ಅಣ್ಣನ ಮೇಲಿನ ಸಿಟ್ಟಿನಿಂದ ಸಹಿ ಹಾಕಿರಲಿಲ್ಲ. ಅಣ್ಣ ತೀರಿದ ಮೇಲೆ ಹಾಕಿದರು. ಪ್ರತಿ ಮಳೆಗಾಲ ತನ್ನ ಕಿಟಕಿಯಿಂದ ಹಂಚು ಬೀಳುವುದನ್ನು ನೋಡುತ್ತ ಕೂತಿದ್ದರು.

2024ರ ಏಪ್ರಿಲ್‌ನಲ್ಲಿ ನಾವು ಮತ್ತೆ ಹೋದಾಗ ಮನೆ ಮುಗಿದಿತ್ತು. ಮೊಮ್ಮಗಳಿಗೆ ಐದು ತಿಂಗಳು. ನೆರೆಯವರನ್ನೆಲ್ಲ ಕರೆದೆವು. ಗೌಂಡಿ, ಬಡಿಗ, ಮೇಯರ್ ಬಾಯಿ ಬಂದರು. ಅಜ್ಜಿ ಹೊಸ್ತಿಲ ಹೊರಗೆ ನಿಂತರು. ನಮ್ಮ ಮನೆಯವರು ಹೋಗಿ ಕೈ ಹಿಡಿದು, “ಬರ್ರಿ ಆಯಿ, ನಿಮ್ಮ ಮನಿ” ಎಂದು ಕನ್ನಡದಲ್ಲೇ ಕರೆದರು. ಅಜ್ಜಿ ಒಳಗೆ ಬಂದು ಕಾಂತುವಿನ ಬಲಬದಿಯ ಕಲ್ಲಿನ ಮೇಲೆ ಕೂತರು. ಅಲ್ಲಿ ಅವರ ತಾಯಿ ಕೂಡುತ್ತಿದ್ದರಂತೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಏನೋ ಹೇಳಿದರು. ಮಗ ತಿಳಿಸಿದ: “ಅಣ್ಣ ಇದ್ದಾಗ ಸಹಿ ಹಾಕಿದ್ದರೆ ಅವನೂ ಇಲ್ಲಿ ಕೂತಿರುತ್ತಿದ್ದ.”

ಆ ರಾತ್ರಿ ನಾವು ಮಗನಿಗೆ, ನಿನ್ನ ಮನೆ ಚೆನ್ನಾಗಿದೆ ಎಂದೆವು. ಎರಡು ವರ್ಷದಲ್ಲಿ ಆ ಮಾತು ಹೇಳಿರಲಿಲ್ಲ. ಅವನು ಸ್ವಲ್ಪ ತಡೆದು, “ವಾಡೇದ ಬಗ್ಗೆ ನಾ ಕೇಳಿದಾಗೆಲ್ಲ, ಒಂಬತ್ತು ಪಾಲು ಅದಾವ, ನೀ ನಡುವ ಬರಬ್ಯಾಡ ಅಂದವ್ರು ನೀವು ಅಪ್ಪಾ” ಎಂದ. ಅದು ನಿಜ. ನಾವೇ ಹಾಗೆ ಅಂದಿದ್ದೆವು.

ಊರಿಗೆ ಬಂದ ಮೇಲೆ ಚಿಕ್ಕಪ್ಪನ ಮಕ್ಕಳ ಮನೆಗಳಿಗೆ ನಾವೇ ನಡೆದು ಹೋದೆವು. ಕೆಲವರು ಕೂಡಿಸಿ ಚಹಾ ಕೊಟ್ಟರು, ಒಬ್ಬರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಒಂಬತ್ತರಲ್ಲಿ ಆರು ಜನ ಈಗ ಬರೆದು ಕೊಟ್ಟಿದ್ದಾರೆ. ಮೂರು ಬಾಕಿ. ಎಲ್ಲರ ಸಹಿ ಆಗಲಿ ಎಂದು ಮಳೆ ಕಾಯುವುದಿಲ್ಲ. ಆದ್ದರಿಂದ ಕಳೆದ ಬೇಸಿಗೆಯಲ್ಲಿ ಬೀಗ ತೆಗೆದು, ಮಾಳಿಗೆಯ ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿಸಿ, ಮುಂದಿನ ಗೋಡೆಯ ಸಿಮೆಂಟ್ ಕೀಳಿಸಿದೆವು. ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನು ಹುಡುಕಲು ತಿಂಗಳು ಹಿಡಿಯಿತು. ಸಿಕ್ಕವನು ಎಪ್ಪತ್ತು ದಾಟಿದವನು. 1996ರ ಗೌಂಡಿಯ ಮಗನಿಗೆ ಅವನ ತಂದೆಯ ಐದುನೂರು ರೂಪಾಯಿಯನ್ನು ಬಡ್ಡಿ ಸಹಿತ ಮುಟ್ಟಿಸಿದೆವು.

ವಾಚಕ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆತನದ ಮನೆಗೂ ಬೀಗವಿದ್ದರೆ, ಹಿರಿಯರು ಇರುವಾಗಲೇ ಕೂತು ಮಾತಾಡಿ ಸಹಿ ಮುಗಿಸಿರಿ. ಗಾರೆ ಕಲಿಸಲು ಗೌಂಡಿ ಸಿಕ್ಕಾನು. ಹೋದ ಅಣ್ಣತಮ್ಮಂದಿರು ಸಿಗುವುದಿಲ್ಲ.